ಬೆಂಗಳೂರಿನ ಹುಡುಗರಿಗೂ ಒಂದಿಷ್ಟು ಗೋಡೆ ಬಿಟ್ಟುಕೊಡಿ

ನಾನಿರುವ ಮೆಲ್ಬರ್ನ್‌ನಲ್ಲಿ ಫೆಡರೇಶನ್ ಸ್ಕ್ವೇರ್ ಎದುರಿಗೇ ಹೋಸಿಯರ್ ಲೇನ್ ಅಂತ ಒಂದು ಓಣಿ ಇದೆ. ಕಲ್ಲು ಹಾಸಿದ ಇಕ್ಕಟ್ಟು ದಾರಿ. ಗೋಡೆ, ಕಿಟಕಿ ಚೌಕಟ್ಟು, ನೀರಿನ ಪೈಪು, ಕಸದ ಡಬ್ಬಿ ಎಲ್ಲದರ ಮೇಲೂ ಗ್ರಾಫಿಟಿ, ಅಂದರೆ ಸ್ಪ್ರೇ ಬಣ್ಣದಲ್ಲಿ ಬರೆದ ಚಿತ್ರ, ಅಕ್ಷರ. ಹತ್ತಿರ ಹೋಗಿ ನೋಡಿದರೆ ಬಣ್ಣ ಪದರ ಪದರವಾಗಿ ದಪ್ಪಗೆ ಕೂತಿರುತ್ತದೆ. ಚಕ್ಕೆ ಎದ್ದ ಕಡೆ ಒಳಗಿನ ಹಸಿರು, ಅದರಡಿಯ ಗುಲಾಬಿ ಇಣುಕುತ್ತದೆ. ಇವತ್ತು ಒಬ್ಬರು ಬರೆದದ್ದರ ಮೇಲೆ ನಾಳೆ ಇನ್ನೊಬ್ಬರು ಬರೆಯುತ್ತಾರೆ. ಅದು ಅಲ್ಲಿನ ರೂಢಿ.

ಹಾಗಂತ ಇಲ್ಲಿ ಕಾನೂನು ಸಡಿಲ ಅಂದುಕೊಳ್ಳಬೇಡಿ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಗ್ರಾಫಿಟಿ ತಡೆಯಲೆಂದೇ 2007ರಲ್ಲಿ ಮಾಡಿದ ಕಾಯ್ದೆ ಇದೆ. ಸರಿಯಾದ ಕಾರಣ ಇಲ್ಲದೆ ರೈಲು, ಟ್ರಾಮ್ ಜಾಗದಲ್ಲಿ ಸ್ಪ್ರೇ ಡಬ್ಬಿ ಇಟ್ಟುಕೊಂಡು ಓಡಾಡಿದರೂ ಕೇಸು. ಆದರೆ ಗೋಡೆಯ ಮಾಲೀಕರು ಒಪ್ಪಿದರೆ ಬರೆಯುವುದಕ್ಕೆ ದಾರಿ ಇದೆ. ತಡೆಯೂ ಇದೆ, ಜಾಗವೂ ಇದೆ.

ನಮ್ಮಲ್ಲೂ ಸಾರ್ವಜನಿಕ ಜಾಗದ ಅಂದ ಕೆಡಿಸಬಾರದು ಅಂತ 1981ರಿಂದ ಕಾಯ್ದೆ ಇದೆ. ಆದರೂ ಪಿಜಿ, ಟ್ಯೂಷನ್, ಬೋರ್‌ವೆಲ್ ಜಾಹೀರಾತುಗಳು ಕಂಬ ಕಂಬಕ್ಕೂ ಅಂಟಿವೆ. ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ, ನಿಮಗೇ ಗೊತ್ತು.

2009ರ ಸುಮಾರಿಗೆ ಪಾಲಿಕೆ ರಸ್ತೆ ಬದಿಯ ಗೋಡೆಗಳಿಗೆ ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಜೋಗ, ಹುಲಿ ಎಲ್ಲ ಬರೆಸಿತು. ಬರೆದವರಲ್ಲಿ ಸಿನಿಮಾ ಹೋರ್ಡಿಂಗು, ಅಂಗಡಿ ಬೋರ್ಡು ಬರೆಯುತ್ತಿದ್ದವರು ತುಂಬಾ ಜನ ಇದ್ದರು. ಫ್ಲೆಕ್ಸ್ ಬಂದು ಅವರ ಕುಂಚಕ್ಕೆ ಕೆಲಸ ಇಲ್ಲದಂತಾಗಿತ್ತು. ಕೆಲವರು ಆ ಚಿತ್ರಗಳನ್ನು ಕ್ಯಾಲೆಂಡರ್ ಕಲೆ ಅಂತ ಮೂಗು ಮುರಿದರು. ನಾನು ಒಪ್ಪೋದಿಲ್ಲ. ಹೋರ್ಡಿಂಗಿನ ಎತ್ತರಕ್ಕೆ ಪಳಗಿದ ಕೈ ಅದು. ಹುಲಿಯ ಕಣ್ಣಲ್ಲಿ ಒಂದು ಬಿಳಿ ಚುಕ್ಕೆ ಇಟ್ಟು ಬಸ್ಸಿನಲ್ಲಿ ಕೂತವರೂ ತಿರುಗಿ ನೋಡುವಂತೆ ಮಾಡುವುದು ಸುಮ್ನೆ ಬರೋ ವಿದ್ಯೆ ಅಲ್ಲ. ನನ್ನ ತಕರಾರು ಒಂದೇ. ಏನು ಬರೆಯಬೇಕು ಅನ್ನೋದನ್ನು ಬರೆಯುವವರಿಗೆ ಬಿಡಲಿಲ್ಲ.

ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರನ್ನು ನೋಡಿ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಕೊಳದ ಬಣ್ಣ ಬಳಿದು ಮೊಸಳೆ ತಂದಿಟ್ಟರು. 2019ರಲ್ಲಿ ಹೇರೋಹಳ್ಳಿಯ ಗುಂಡಿಗಳ ನಡುವೆ ಗಗನಯಾತ್ರಿ ವೇಷದವರನ್ನು ನಡೆಸಿ, ಚಂದ್ರನ ನೆಲದಂತೆ ಕಾಣುವ ವಿಡಿಯೋ ಮಾಡಿದರು. ಎರಡು ಸಲವೂ ರಿಪೇರಿಯವರು ಬೇಗನೆ ಬಂದರು. ಅದು ಗೋಡೆಯಲ್ಲ, ರಸ್ತೆ, ನಿಜ. ಆದರೆ ಗ್ರಾಫಿಟಿಯ ಜೀವ ಇರೋದು ಅಲ್ಲೇ. ಬೀದಿಯಲ್ಲಿ ಓಡಾಡುವವನು ಬೀದಿಯ ಮಾತನ್ನು ಬೀದಿಯಲ್ಲೇ ಹೇಳುವುದು. ಮೆಲ್ಬರ್ನ್‌ನ ಎಷ್ಟೋ ಗೋಡೆಗಳಲ್ಲಿ ಬಣ್ಣ ಇದೆ, ಇಷ್ಟು ಚುರುಕು ಮಾತಿಲ್ಲ. ಈ ವಿಷಯದಲ್ಲಿ ನಮ್ಮೂರೇ ಒಂದು ಕೈ ಮೇಲು.

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. ವರ್ಷಕ್ಕೊಮ್ಮೆ ಕಲಾವಿದರು ಚಿತ್ರ ಮಾರುವ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯನ್ನೇ ಬಿಟ್ಟುಕೊಡುವ ಊರು ನಮ್ಮದು. ಬಡಾವಣೆಗೆ ಒಂದರಂತೆ ಗೋಡೆ ಗುರುತಿಸಿ, ಯಾರು ಬೇಕಾದರೂ ಬರೆಯಬಹುದು ಅಂತ ಬೋರ್ಡು ಹಾಕಿ. ಮನೆಯವರ ಕಾಂಪೌಂಡು, ದೇವಸ್ಥಾನ, ಹಳೇ ಕಟ್ಟಡ ಮುಟ್ಟುವಂತಿಲ್ಲ ಅನ್ನೋದೂ ಅದೇ ಬೋರ್ಡಿನಲ್ಲಿರಲಿ. ಮೊದಲ ವಾರ ಆ ಹಳೇ ಬೋರ್ಡು ಕಲಾವಿದರನ್ನೇ ಸಂಬಳ ಕೊಟ್ಟು ಕರೆಸಿ, ಹುಡುಗರ ಜೊತೆ ನಿಲ್ಲಿಸಿ.