ಸ್ಪಷ್ಟನೆ: ಪಾಸ್‌ವರ್ಡ್ ಗಟ್ಟಿಯಿದ್ದರೆ ಪೋರ್ಟ್ ತೆರೆದಿಡಬಹುದೇ?

ಮೂಡಿಗೆರೆ, ಸಕಲೇಶಪುರ ಕಡೆಯ ತೋಟದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಓಡಾಡುತ್ತಿದೆ: "ಹೊರಗೆ ಹೋದಾಗ ಮನೆಯ ಹೋಮ್ ಅಸಿಸ್ಟೆಂಟ್ ನೋಡಲು ರೂಟರ್‌ನಲ್ಲಿ 8123 ಪೋರ್ಟ್ ತೆರೆಯಿರಿ. ಪಾಸ್‌ವರ್ಡ್ ಗಟ್ಟಿಯಿದ್ದರೆ ಸಾಕು."

ಹೋಮ್ ಅಸಿಸ್ಟೆಂಟ್ ಎಂದರೆ ಮನೆಯ ಸ್ಮಾರ್ಟ್ ಸಾಧನಗಳನ್ನು ನಿಯಂತ್ರಿಸುವ ಸಾಫ್ಟ್‌ವೇರ್; ಪೋರ್ಟ್ ಎಂದರೆ ಇಂಟರ್‌ನೆಟ್‌ನಿಂದ ಅದಕ್ಕೆ ಒಳಬರುವ ಬಾಗಿಲಿದ್ದಂತೆ. ಈ ಸಲಹೆ ಸರಿಯಲ್ಲ. ತೆರೆದ ಪೋರ್ಟ್ ಇಡೀ ಇಂಟರ್‌ನೆಟ್‌ಗೆ ಕಾಣುತ್ತದೆ. ಅಂಥವನ್ನು ಹುಡುಕುವ ಸಾಫ್ಟ್‌ವೇರ್‌ಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. 2023ರ ಮಾರ್ಚ್‌ನಲ್ಲಿ ಹೋಮ್ ಅಸಿಸ್ಟೆಂಟ್‌ನಲ್ಲೇ ಲಾಗಿನ್ ಇಲ್ಲದೆ ಒಳಗೆ ಬರಬಹುದಾದ ದೋಷ ಹೊರಬಿತ್ತು. ಆಗ ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೇನು? ಅದನ್ನು ಸರಿಪಡಿಸಿದರು, ನಿಜ. ಆದರೆ ಅಪ್‌ಡೇಟ್ ಹಾಕಿಕೊಳ್ಳದವರಿಗೆ ಅಪಾಯ ಹಾಗೇ ಉಳಿಯಿತಲ್ವಾ?

ಅದರ ಬದಲು ವೈರ್‌ಗಾರ್ಡ್ ಅಥವಾ ಟೈಲ್‌ಸ್ಕೇಲ್ ಬಳಸಿ. ಇವು ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತ ಖಾಸಗಿ ದಾರಿ ಮಾಡಿಕೊಡುವ ವಿಪಿಎನ್‌ಗಳು. ಸರಿಯಾದ ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಸಿಜಿನ್ಯಾಟ್ (ಇಂಟರ್‌ನೆಟ್ ಕಂಪನಿ ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ವ್ಯವಸ್ಥೆ) ಇರುವ ಕಡೆ ಟೈಲ್‌ಸ್ಕೇಲ್ ಸುಲಭ. ಈಗಾಗಲೇ 8123 ತೆರೆದಿದ್ದರೆ ದಯವಿಟ್ಟು ಇವತ್ತೇ ಮುಚ್ಚಿ. ಹೊಸ ದಾರಿಯನ್ನು ಹೊರಡುವ ಮುಂಚೆಯೇ, ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ.