ಎಲೆ ಪೂರ್ತಿ ಗುಡಿಸಬೇಡಿ
ಎಲೆ ಉದುರುವ ಕಾಲದಲ್ಲಿ ಮಕ್ಕಳನ್ನು ಹಿತ್ತಲಿಗೆ ಬಿಡುವ ಮೊದಲು ಎಲ್ಲಾ ಗುಡಿಸಿ ಚೊಕ್ಕಟ ಮಾಡಿ ಅಂತ ಬರೆದಿದ್ದೀರಿ. ಇದೊಂದು ಮಾತು ನನಗೆ ಒಪ್ಪಿಗೆಯಿಲ್ಲ. ಗುಡಿಸಿಬಿಟ್ಟರೆ ನೋಡೋಕೆ ಉಳಿಯುವುದೇನು? ನಾವು ಒಂದು ಮೂಲೆಯ ರಾಶಿಯನ್ನು ಹಾಗೇ ಬಿಡುತ್ತೇವೆ. ಮೊನ್ನೆ 4 ವರ್ಷದ ಮಗಳು ಅಲ್ಲಿಂದ ಒಂದು ಒದ್ದೆ ಎಲೆ ಎತ್ತಿದಳು. ಅಡಿಯಲ್ಲಿ, ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಬೂದು ಹುಳ. ಅದು ಕೀಟವಲ್ಲ, ಏಡಿ ಸೀಗಡಿಗಳ ಬಳಗ, ಕಾಲು 14. ಎಣಿಸುತ್ತಾ ಒಂಬತ್ತಕ್ಕೇ ತಪ್ಪಿದಳು, ಮತ್ತೆ ಮೊದಲಿಂದ ಶುರು. ಅರ್ಧ ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಹಾಂ, ಎಲೆಗೆ ಹಳದಿ ಬಣ್ಣ ‘ಬರುತ್ತದೆ’ ಅಂದಿದ್ದೀರಲ್ಲ, ಅದು ಮೊದಲೇ ಅಲ್ಲಿರುತ್ತದೆ. ಹಸಿರು ಹೋದ ಮೇಲೆ ಕಾಣುತ್ತದೆ, ಅಷ್ಟೇ. ಕೈ ಕೆಸರಾಗುತ್ತದೆ ಅನ್ನೋದು ನಿಜ. ತೊಳೆದರಾಯ್ತು, ಅಲ್ವಾ?