‘ಭೂಮಿ’ಗೆ ಎರಡೇ ಸಾಲು ಸಾಲದು
ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಸೇವಾವಧಿಯನ್ನು ಕುರಿತು ನಾನು ಓದಿದ ಲೇಖನವೊಂದು, ಕರ್ನಾಟಕದ ಜಮೀನು ದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯನ್ನು ಎರಡೇ ಸಾಲಿನಲ್ಲಿ ಮುಗಿಸಿರುವುದು ನನಗೆ ಸರಿಯೆನಿಸಲಿಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ್ದು ದೊಡ್ಡ ಕೆಲಸವೇ ಸರಿ. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗುವಂತೆ ತಂತ್ರಾಂಶದಲ್ಲೇ ಕಟ್ಟುಮಾಡಿದ್ದು, ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ವಿಧಿಸಿದ್ದು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು. ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ಮೊದಲು ಬೆಳೆಸಾಲಕ್ಕೆ ಉತಾರ (ಪಹಣಿ) ಬೇಕಾದರೆ ತಲಾಠಿಯನ್ನು (ಗ್ರಾಮ ಲೆಕ್ಕಿಗನನ್ನು) ಹುಡುಕಿಕೊಂಡು ಹೋಗಿ, ಕೈಬರಹದ ಪ್ರತಿಗಾಗಿ ಕಾಯಬೇಕಿತ್ತು. ‘ಭೂಮಿ’ ಬಂದ ಮೇಲೆ ರೈತ ತಾಲ್ಲೂಕು ಕೇಂದ್ರದ ಕಿಟಕಿಯ ಮುಂದೆ ನಿಂತು, ತನ್ನತ್ತ ತಿರುಗಿಸಿಟ್ಟ ಪರದೆಯಲ್ಲಿ ಹೆಸರು, ಸರ್ವೆ ನಂಬರು ನೋಡಿಕೊಂಡು, 15 ರೂಪಾಯಿಗೆ ಉತಾರ ಪಡೆಯತೊಡಗಿದ. ತಂತ್ರಾಂಶ ಬರೆದ ಎನ್‌ಐಸಿ (ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ತಂತ್ರಜ್ಞರನ್ನೂ ಲೇಖಕರು ಹೆಸರಿಸಬೇಕಿತ್ತು.